ಮಣ್ಣಿನ ಪಾತ್ರೆಗೆ ಗ್ಲೇಜ್ ಹಾಕುವುದು ಹೇಗೆ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರಿಗೆ ಮಾರ್ಗದರ್ಶಿ

"ಖಾನಾಪುರದಿಂದ ಮಣ್ಣಿನ ಬಟ್ಟಲು ತಂದಿದ್ದೇನೆ. ಅದಕ್ಕೆ ಪಿಂಗಾಣಿ ಹೊಳಪು ಬರಬೇಕು. ಯಾವ ಪೇಂಟ್ ಹಚ್ಚಲಿ?" ಈ ಪ್ರಶ್ನೆ ಕೇಳುವವರು ಎಷ್ಟು ಜನ ಅಂದರೆ, ಒಂದೊಂದಾಗಿ ಉತ್ತರ ಕೊಡುವ ಬದಲು ಪೂರ್ತಿ ಬರೆದು ಇಡುವುದೇ ವಾಸಿ ಅನ್ನಿಸಿತು.

ಉತ್ತರ: ಯಾವ ಪೇಂಟೂ ಅಲ್ಲ. ಪಿಂಗಾಣಿಯ ಹೊಳಪು ಗಾಜಿನದು. ಗಾಜಾಗುವ ಪುಡಿಯನ್ನು ನೀರಲ್ಲಿ ಕಲಸಿ ಪಾತ್ರೆಗೆ ಹಚ್ಚುತ್ತಾರೆ. ಸಾವಿರ ಡಿಗ್ರಿ ದಾಟಿಸಿ ಸುಟ್ಟಾಗ ಆ ಪುಡಿ ಕರಗಿ ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಇದೇ ಗ್ಲೇಜ್. ಅಂಗಡಿಯಲ್ಲಿ ಸಿಗುವ ವಾರ್ನಿಶ್, ಅಕ್ರಿಲಿಕ್, ಎಪಾಕ್ಸಿ ಹಚ್ಚಿದರೆ ಹೂದಾನಿಗೆ ನಡೆಯುತ್ತದೆ. ಊಟದ ತಟ್ಟೆಗೆ ನಡೆಯುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ಲೇಜ್ ಕೆಟ್ಟಾಗ ಎಲ್ಲರೂ ಗ್ಲೇಜ್ ಪುಡಿಯನ್ನೇ ಬೈಯುತ್ತಾರೆ. ಬಹಳ ಸಲ ತಪ್ಪು ಇರುವುದು ಕೆಳಗಿನ ಮಣ್ಣಿನಲ್ಲಿ, ಇಲ್ಲವೇ ಮೊದಲ ಸುಡುವಿಕೆಯಲ್ಲಿ (ಪಾತ್ರೆಯನ್ನು ಎರಡು ಸಲ ಸುಡುತ್ತೇವೆ, ಗ್ಲೇಜ್ ಹಚ್ಚುವ ಮುಂಚೆ ಒಮ್ಮೆ, ಹಚ್ಚಿದ ಮೇಲೆ ಒಮ್ಮೆ). ಅದಕ್ಕೇ ಈ ಲೇಖನದಲ್ಲಿ ಮಣ್ಣಿನ ಮಾತು ಜಾಸ್ತಿ.

ಶುರು ಮಾಡುವ ಮುಂಚೆ

ಎಲ್ಲ ಪಾತ್ರೆಗೂ ಗ್ಲೇಜ್ ಬೇಕಿಲ್ಲ. ನೀರಿನ ಹರವಿಗಂತೂ ಬೇಡವೇ ಬೇಡ. ಹರವಿಯ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅವುಗಳಿಂದ ನೀರು ಜಿನುಗಿ ಆರುವುದರಿಂದಲೇ ಒಳಗಿನ ನೀರು ತಣ್ಣಗಾಗುವುದು. ಆ ರಂಧ್ರ ಮುಚ್ಚಿದಿರೋ, ಬೇಸಿಗೆಯಲ್ಲಿ ತಂಪು ನೀರು ಮರೆತುಬಿಡಿ. ಒಲೆಯ ಮೇಲೆ ಇಡುವ ಮಡಕೆಗೂ ಈ ಗ್ಲೇಜ್ ಹೊಂದುವುದಿಲ್ಲ. ಗ್ಯಾಸಿನ ಉರಿ ಒಂದೇ ಕಡೆ ಬಿದ್ದರೆ ಗ್ಲೇಜ್ ಬಿರಿಯುತ್ತದೆ, ಕೆಲವೊಮ್ಮೆ ಪಾತ್ರೆಯೇ ಒಡೆಯುತ್ತದೆ. ಬಟ್ಟಲು, ತಟ್ಟೆ, ಚಹಾ ಕಪ್, ಹೂದಾನಿ, ಪಣತಿ, ಗೋಡೆಯ ಟೈಲ್ಸ್, ಇವು ಗ್ಲೇಜಿಗೆ ಸರಿಯಾದ ವಸ್ತುಗಳು.

ಎರಡನೆಯದು ಆವಿಗೆಯ ವಿಷಯ. "ನಮ್ಮ ಊರ ಕುಂಬಾರರ ಆವಿಗೆಯಲ್ಲೇ ಸುಡಬಹುದಲ್ವಾ?" ಅಂತ ಕೇಳುತ್ತಾರೆ. ಕಟ್ಟಿಗೆ, ಕುಳ್ಳು, ಹುಲ್ಲು ಹಾಕಿ ಸುಡುವ ತೆರೆದ ಆವಿಗೆ ಸಾಮಾನ್ಯವಾಗಿ 700ರಿಂದ 850 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಮಡಕೆಗೆ ಅಷ್ಟು ಸಾಕು. ಸೀಸವಿಲ್ಲದ ಗ್ಲೇಜ್ ಕರಗಲು 1000ದಿಂದ 1060 ಡಿಗ್ರಿ ಬೇಕು. ಜೊತೆಗೆ ಬೂದಿ, ಹೊಗೆ ತಾಗಿ ಗ್ಲೇಜಿನ ಮೈ ಹಾಳಾಗುತ್ತದೆ. ಕಡಿಮೆ ಶಾಖದಲ್ಲೇ ಕರಗುವ ಸೀಸದ ಗ್ಲೇಜ್ ಇದೆ ನಿಜ. ಅದರ ಗೊಡವೆ ಬೇಡ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಅಂದರೆ ಕರೆಂಟ್ ಭಟ್ಟಿ ಬೇಕು. ಮೊದಲೇ ಕೊಂಡುಕೊಳ್ಳಬೇಡಿ. ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ತರಬೇತಿ ಯಾವಾಗ ಇದೆ, ಹೊರಗಿನವರ ಪಾತ್ರೆ ಸುಟ್ಟು ಕೊಡುತ್ತಾರೋ ಇಲ್ಲವೋ, ಅಲ್ಲಿ ಹೋಗಿ ವಿಚಾರಿಸಿ. ಊರಿನ ಸ್ಟುಡಿಯೋಗಳಲ್ಲಿ, ಚಿತ್ರಕಲಾ ಶಾಲೆಗಳಲ್ಲಿ ಭಟ್ಟಿ ಇದ್ದರೆ ದುಡ್ಡು ಕೊಟ್ಟು ಸುಡಿಸಿಕೊಳ್ಳಬಹುದು.

ಬೇಕಾದ ಸಾಮಾನು

ಜೇಡಿಮಣ್ಣು, 60 ಮತ್ತು 80 ಮೆಶ್ ಜರಡಿ (ಒಂದು ಇಂಚಿಗೆ ಎಷ್ಟು ತೂತು ಅನ್ನುವ ಲೆಕ್ಕವೇ ಮೆಶ್), ಒಂದು ಗ್ರಾಂ ತನಕ ತೋರಿಸುವ ತಕ್ಕಡಿ, ಎರಡು ಮೂರು ಬಕೆಟ್, ಸ್ಪಂಜು, ಕುಂಚ, ಚೀನಾ ಕ್ಲೇ (ಬಿಳಿ ಜೇಡಿ), ಬಾಲ್ ಕ್ಲೇ (ಜಿಗುಟು ಜಾಸ್ತಿ ಇರುವ, ಸುಟ್ಟರೆ ಬಿಳಿಯಾಗುವ ಜೇಡಿ), ಕ್ವಾರ್ಟ್ಜ್ ಅಂದರೆ ಬೆಣಚುಕಲ್ಲಿನ ಪುಡಿ, ಸೀಸವಿಲ್ಲದ ಬೋರಾಕ್ಸ್ (ಬಿಳಿಗಾರ) ಫ್ರಿಟ್. ಫ್ರಿಟ್ ಅಂದರೆ ಒಮ್ಮೆ ಕರಗಿಸಿ, ನೀರಿಗೆ ಸುರಿದು, ಮತ್ತೆ ಪುಡಿ ಮಾಡಿದ ಗಾಜು. ಬರೀ ಬೋರಾಕ್ಸ್ ನೀರಲ್ಲಿ ಕರಗಿ ಹೋಗುತ್ತದೆ. ಫ್ರಿಟ್ ಆದರೆ ಕರಗದೆ ಪುಡಿಯಾಗಿಯೇ ಉಳಿಯುತ್ತದೆ.

ಮಾಸ್ಕ್ ಮರೆಯಬೇಡಿ. ಕ್ವಾರ್ಟ್ಜ್ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುತ್ತದೆ. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕೇ ಬೇಕು. ಕೆಲಸದ ಜಾಗವನ್ನು ಕಸಬರಿಗೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಅಡುಗೆಮನೆಯ ಮಿಕ್ಸಿ, ಚಮಚ, ಜರಡಿ ಇಲ್ಲಿಗೆ ತರಬೇಡಿ. ತಂದರೆ ವಾಪಸ್ ಒಯ್ಯಬೇಡಿ.

ಹಂತ 1: ಮಣ್ಣು ಆರಿಸುವುದು

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ನಮ್ಮ ಮೂರು ಜಿಲ್ಲೆಗಳಲ್ಲಿ ಮಣ್ಣು ಒಂದೇ ತರಹ ಇಲ್ಲ.

ಖಾನಾಪುರ ಇರುವುದು ಘಟ್ಟದ ಅಂಚಿನಲ್ಲಿ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲ್ಲೂಕಿನದು. ಇಲ್ಲಿನ ಜೇಡಿಯಲ್ಲಿ ಕಬ್ಬಿಣದ ಅಂಶ ಚೆನ್ನಾಗಿದೆ, ಸುಟ್ಟರೆ ಕೆಂಪಾಗುತ್ತದೆ. ಮಡಕೆಗೂ ಹಂಚಿಗೂ ಈ ಊರು ಹೆಸರಾದದ್ದು ಸುಮ್ನೆ ಅಲ್ಲ. ಹೊಸಬರು ಇಲ್ಲಿಂದಲೇ ಶುರು ಮಾಡಿ. ಕುಂಬಾರರನ್ನು ಕೇಳಿ, ಹದ ಮಾಡಿದ ಮಣ್ಣನ್ನೇ ದುಡ್ಡು ಕೊಟ್ಟು ತನ್ನಿ. ಯಾವ ಕೆರೆಯದು, ಎಷ್ಟು ಮರಳು ಬೆರೆಸಿದ್ದಾರೆ ಅಂತ ಕೇಳಿ ಬರೆದುಕೊಳ್ಳಿ.

ವಿಜಯಪುರ, ಬಾಗಲಕೋಟೆಯವರ ಕೈಗೆ ಮೊದಲು ಸಿಗುವುದು ಎರೆಮಣ್ಣು. ಬೆಳೆಗೆ ಬಂಗಾರ, ಗ್ಲೇಜಿಗೆ ತಲೆನೋವು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ವಿಪರೀತ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ನೋಡಿದ್ದೀರಲ್ಲ, ಬಟ್ಟಲಿನಲ್ಲೂ ಅದೇ ಆಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಸುಣ್ಣದ ಹರಳು. ಬಾಗಲಕೋಟೆ ಸುತ್ತ ಸುಣ್ಣದ ಕಲ್ಲು ಹೇರಳ, ಮಣ್ಣಲ್ಲೂ ಅದರ ಚೂರು ಇರುತ್ತವೆ.

ಸುಣ್ಣದ ಹರಳು ಮಾಡುವ ಮೋಸ ನೋಡಿ. ಭಟ್ಟಿಯಲ್ಲಿ ಅದು ಸುಟ್ಟ ಸುಣ್ಣ ಆಗುತ್ತದೆ. ಪಾತ್ರೆ ಹೊರಗೆ ಬಂದಾಗ ಚೆನ್ನಾಗಿಯೇ ಇರುತ್ತದೆ. ನೀವು ಖುಷಿಯಿಂದ ಯಾರಿಗೋ ಕೊಟ್ಟಿರುತ್ತೀರಿ. ಆಮೇಲೆ ಆ ಸುಣ್ಣ ಗಾಳಿಯ ತೇವ ಹೀರಿ ಉಬ್ಬುತ್ತದೆ. ವಾರ ಎರಡು ವಾರದಲ್ಲಿ ಪಾತ್ರೆಯ ಬದಿಯಿಂದ ಒಂದು ಚಕ್ಕೆ ಗ್ಲೇಜಿನ ಸಮೇತ ಎದ್ದು ಬೀಳುತ್ತದೆ. ಆ ಕುಳಿಯ ತಳದಲ್ಲಿ ಒಂದು ಬಿಳಿ ಕಾಳು ಕಾಣಿಸಿದರೆ ಅದೇ ಕಳ್ಳ.

ಪರೀಕ್ಷೆ ಸುಲಭ. ಒಣ ಮಣ್ಣಿನ ಹೆಂಟೆಯ ಮೇಲೆ ವಿನೆಗರ್ ಅಥವಾ ಲಿಂಬೆ ರಸ ಹನಿಸಿ. ಬುರುಬುರು ನೊರೆ ಬಂದರೆ ಸುಣ್ಣ ಇದೆ. ಸ್ವಲ್ಪ ನೊರೆ ಅಂದರೆ 80 ಮೆಶ್‌ನಲ್ಲಿ ಸೋಸಿ ನೋಡಬಹುದು, ನುಣ್ಣಗೆ ಹರಡಿದ ಸುಣ್ಣ ಅಷ್ಟು ಕಾಟ ಕೊಡುವುದಿಲ್ಲ. ಜೋರಾಗಿ ನೊರೆಯುಕ್ಕಿದರೆ ಆ ಮಣ್ಣು ಬಿಡಿ.

ಹಂತ 2: ಹದ ಮಾಡುವುದು, ಪಟ್ಟಿ ಪರೀಕ್ಷೆ

ಮಣ್ಣನ್ನು ಪೂರ್ತಿ ಒಣಗಿಸಿ, ಕುಟ್ಟಿ, ನೀರಲ್ಲಿ ನೆನೆಹಾಕಿ. ಒಣಗಿದ ಮಣ್ಣು ಬೇಗ ಕರಗುತ್ತದೆ, ಅರೆ ಹಸಿ ಮಣ್ಣು ಉಂಡೆ ಉಂಡೆಯಾಗಿ ಉಳಿಯುತ್ತದೆ. ರಾಡಿಯನ್ನು ಜರಡಿಯಲ್ಲಿ ಸೋಸಿ, ತಿಳಿನೀರು ಬಸಿದು, ಬಟ್ಟೆಯ ಮೇಲೆ ಹರವಿ ಗಟ್ಟಿ ಮಾಡಿ. ನಂತರ ಚೆನ್ನಾಗಿ ನಾದಿ.

ನೀರಿನ ಕಡೆ ಗಮನ ಇರಲಿ. ವಿಜಯಪುರದ ಕಡೆ ಅನೇಕ ಬೋರ್‌ವೆಲ್‌ಗಳದ್ದು ಗಡಸು ನೀರು. ಅದರಲ್ಲಿನ ಉಪ್ಪು ಪಾತ್ರೆ ಒಣಗುವಾಗ ಅಂಚಿಗೆ ಬಂದು ಬಿಳಿ ಪೊರೆ ಕಟ್ಟುತ್ತದೆ. ಅದರ ಮೇಲೆ ಗ್ಲೇಜ್ ಸರಿಯಾಗಿ ಕೂರುವುದಿಲ್ಲ. ಹೊಳೆಯ ನೀರು ಅಥವಾ ಮಳೆ ನೀರು ಬಳಸಿ.

ಈಗ ಪಟ್ಟಿ ಪರೀಕ್ಷೆ. ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ, ಆಮೇಲೆ ಪ್ರಶ್ನೆ ಕೇಳುವವರೂ ಅವರೇ. 14 ಸೆಂ.ಮೀ. ಉದ್ದದ ಐದಾರು ಮಣ್ಣಿನ ಪಟ್ಟಿ ಮಾಡಿ. ಹಸಿ ಇದ್ದಾಗಲೇ ಪ್ರತಿಯೊಂದರ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಕೊರೆಯಿರಿ. 1000 ಡಿಗ್ರಿಗೆ ಸುಟ್ಟ ಮೇಲೆ ಅಳೆಯಿರಿ. 9 ಸೆಂ.ಮೀ. ಆಗಿದ್ದರೆ ಶೇ. 10 ಕುಗ್ಗಿದೆ ಅಂತ ಅರ್ಥ. ಶೇ. 8ರಿಂದ 12ರ ಒಳಗಿದ್ದರೆ ಒಳ್ಳೆಯದು. ಜಾಸ್ತಿ ಕುಗ್ಗಿದರೆ ಸಣ್ಣ ಮರಳು ಅಥವಾ ಸುಟ್ಟ ಹಂಚಿನ ಪುಡಿ ಬೆರೆಸಿ.

ಒಂದು ಪಟ್ಟಿಯನ್ನು ಎರಡು ತುದಿಗೆ ಮಾತ್ರ ಆಸರೆ ಕೊಟ್ಟು 1060 ಡಿಗ್ರಿಗೆ ಸುಡಿ. ನಡುವೆ ಜೋಲು ಬಿದ್ದರೆ ನಿಮ್ಮ ಮಣ್ಣು ಅಷ್ಟು ಶಾಖ ತಡೆಯುವುದಿಲ್ಲ, ಕಡಿಮೆ ಶಾಖದ ಫ್ರಿಟ್ ಹುಡುಕಬೇಕು. ಇನ್ನೊಂದು ಸುಟ್ಟ ಪಟ್ಟಿಯನ್ನು ತೂಗಿ, ಎರಡು ಗಂಟೆ ನೀರಲ್ಲಿ ಕುದಿಸಿ, ಒರೆಸಿ ಮತ್ತೆ ತೂಗಿ. 100 ಗ್ರಾಂ ಪಟ್ಟಿ 112 ಗ್ರಾಂ ಆದರೆ ಶೇ. 12 ನೀರು ಹೀರಿತು. 10ರಿಂದ 15 ಇದ್ದರೆ ಗ್ಲೇಜ್ ಹಚ್ಚಲು ಅನುಕೂಲ.

ಹಂತ 3: ಪಾತ್ರೆ ಮಾಡಿ ಒಣಗಿಸುವುದು

ತಿಗರಿಯಲ್ಲಿ ಮಾಡಿ, ಕೈಯಲ್ಲೇ ತಟ್ಟಿ, ಅಚ್ಚಿಗೆ ಒತ್ತಿ, ಹೇಗಾದರೂ ಸರಿ. ಚಿತ್ತಾರ ಬೇಕಿದ್ದರೆ ಪಾತ್ರೆ ಪೂರ್ತಿ ಒಣಗುವ ಮುಂಚೆಯೇ ಹಂತ 4 ಮಾಡಬೇಕು. ತಳ ಮತ್ತು ಬದಿ ಒಂದೇ ದಪ್ಪ ಇರಲಿ. ಚೂಪಾದ ಅಂಚು ಬಿಡಬೇಡಿ. ಕರಗಿದ ಗ್ಲೇಜ್ ಚೂಪು ಅಂಚಿನಿಂದ ಹಿಂದೆ ಸರಿದು ಮಣ್ಣು ಬಿಟ್ಟುಕೊಡುತ್ತದೆ.

ಒಣಗಿಸುವ ರೀತಿ ಊರಿಗೆ ತಕ್ಕಂತೆ. ಖಾನಾಪುರದ ಮಳೆಗಾಲದಲ್ಲಿ ಪಾತ್ರೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಕೆನ್ನೆಗೆ ಹಿಡಿದು ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ವಿಜಯಪುರದ ಬಿಸಿಲಲ್ಲಿ ಇದರ ಉಲ್ಟಾ. ಬಾಯಂಚು ಮಧ್ಯಾಹ್ನದೊಳಗೆ ಒಣಗಿ ತಳ ಹಸಿಯಾಗಿಯೇ ಇರುತ್ತದೆ, ಬಿರುಕು ಬರುವುದು ಆಗಲೇ. ಪ್ಲಾಸ್ಟಿಕ್ ಮುಚ್ಚಿ ನೆರಳಲ್ಲಿಡಿ, ಮಾರನೇ ದಿನ ಬೋರಲು ಹಾಕಿ.

ಹಂತ 4: ಚಿತ್ತಾರ

ನನ್ನ ಮಟ್ಟಿಗೆ ರುಚಿ ಇರುವುದು ಈ ಹಂತದಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಕುಂಬಾರಿಕೆಯಲ್ಲಿ ಗ್ಲೇಜ್ ಇರಲಿಲ್ಲ. ಕೆಮ್ಮಣ್ಣು ಬಳಿದು ಕಲ್ಲಿನಿಂದ ತಿಕ್ಕಿ ನುಣುಪು ಬರಿಸುವುದು, ಹೊಗೆ ಕೂಡಿಸಿ ಕಪ್ಪು ಮಾಡುವುದು, ಇವೇ ದಾರಿ. ಮದುವೆಗೆ ಕುಂಬಾರರ ಮನೆಯಿಂದ ತರುವ ಐರಾಣಿ ಗಡಿಗೆಯ ಮೇಲೆ ಸುಣ್ಣ, ಬಣ್ಣದ ಚಿತ್ತಾರ ಇರುತ್ತದಲ್ಲ, ಅದನ್ನು ಸುಟ್ಟ ಮೇಲೆ ಬರೆಯುತ್ತಾರೆ. ತೊಳೆದರೆ ಹೋಗುತ್ತದೆ. ಗ್ಲೇಜಿನ ಕೆಳಗಿನ ಚಿತ್ತಾರ ಹಾಗಲ್ಲ, ಪಾತ್ರೆ ಇರುವ ತನಕ ಇರುತ್ತದೆ.

ಗ್ಲೇಜಿನ ಅಲಂಕಾರ ಬೆಳೆದದ್ದು ಬೇರೆ ಕಡೆ. ಚೀನಾದಲ್ಲಿ ತಾಂಗ್ ರಾಜವಂಶದ ಕಾಲದ ಕುಂಬಾರರು ಹಳದಿ, ಹಸಿರು, ಕಂದು ಬಣ್ಣದ ಸೀಸದ ಗ್ಲೇಜನ್ನು ಒಂದರ ಮೇಲೊಂದು ಹರಿಯಬಿಟ್ಟರು. 9ನೇ ಶತಮಾನದಲ್ಲಿ ಇರಾಕಿನವರು ಚೀನಾದ ಬಿಳಿ ಪಾತ್ರೆಗೆ ಮನಸೋತರು. ಅಂಥ ಬಿಳಿ ಮಣ್ಣು ಅವರಲ್ಲಿ ಇರಲಿಲ್ಲ. ಗ್ಲೇಜಿಗೆ ತವರದ ಆಕ್ಸೈಡ್ ಸೇರಿಸಿ, ಬಣ್ಣದ ಮಣ್ಣನ್ನು ಬಿಳಿಯಾಗಿ ಮುಚ್ಚಿ, ಮೇಲೆ ಕೋಬಾಲ್ಟ್ ನೀಲಿಯಲ್ಲಿ ಬರೆದರು. ಅದೇ ವಿದ್ಯೆ ಸ್ಪೇನಿಗೆ ಹೋಯಿತು, ಇಟಲಿಯಲ್ಲಿ ಮಯೋಲಿಕಾ ಆಯಿತು, ಹಾಲೆಂಡಿನಲ್ಲಿ ಡೆಲ್ಫ್ಟ್ ಆಯಿತು. ನಮ್ಮ ಹತ್ತಿರದಲ್ಲಿ ನೋಡಬೇಕೆಂದರೆ ಬೀದರಿಗೆ ಹೋಗಿ. 1472ರ ಮಹಮೂದ್ ಗವಾನ್ ಮದರಸಾದ ಗೋಡೆಯ ಮೇಲೆ ಇರಾನಿ ಶೈಲಿಯ ಗ್ಲೇಜ್ ಟೈಲ್ಸ್ ಅಲ್ಲಲ್ಲಿ ಇನ್ನೂ ಉಳಿದಿವೆ. ವಿಜಯಪುರದಲ್ಲಿ ಗೋಲಗುಮ್ಮಟದ ಮುಂದಿನ ನಗಾರಖಾನೆಯ ಮ್ಯೂಸಿಯಂನಲ್ಲಿ ಹಳೆಯ ಚೀನಾ ಪಿಂಗಾಣಿ ಇದೆ. ಗುಮ್ಮಟಕ್ಕೆ ಹೋದವರು ಅದನ್ನು ನೋಡದೆ ಬರುತ್ತಾರೆ, ನೀವು ನೋಡಿ ಬನ್ನಿ.

"ಜೈಪುರದ ನೀಲಿ ಪಾತ್ರೆಯ ತರಹ ಮಾಡಬಹುದಾ?" ಅನ್ನುವವರಿಗೆ: ಜೈಪುರದ್ದು ಜೇಡಿಮಣ್ಣಿನ ಪಾತ್ರೆಯಲ್ಲ. ಅದರ ಮೈ ಕ್ವಾರ್ಟ್ಜ್ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ ಸೇರಿಸಿ ಮಾಡಿದ್ದು. ಈ ಲೇಖನದ ದಾರಿಯಲ್ಲಿ ಅದು ಬರುವುದಿಲ್ಲ.

ಹೊಸಬರಿಗೆ ನಾನು ಹೇಳುವುದು ಸ್ಲಿಪ್ ಕೆಲಸ. ಸ್ಲಿಪ್ ಅಂದರೆ ಗಟ್ಟಿ ಮಜ್ಜಿಗೆಯ ಹದಕ್ಕೆ ಕಲಸಿದ, ಸೋಸಿದ ಮಣ್ಣು. ಕೆಂಪು ಮಣ್ಣಿನ ಮೇಲೆ ಬಿಳಿ ಸ್ಲಿಪ್ ಎದ್ದು ಕಾಣುತ್ತದೆ. ಶುರುವಿಗೆ ಈ ಲೆಕ್ಕ: ಬಾಲ್ ಕ್ಲೇ 40 ಭಾಗ, ಚೀನಾ ಕ್ಲೇ 30, ಕ್ವಾರ್ಟ್ಜ್ 15, ಫ್ರಿಟ್ 15. ಇದನ್ನು ಹಚ್ಚಬೇಕಾದದ್ದು ಪಾತ್ರೆ ಅರೆಬರೆ ಒಣಗಿದಾಗ. ಉಗುರು ಊರಿದರೆ ಗುರುತು ಬೀಳಬೇಕು, ಬೆರಳಿಗೆ ಮಣ್ಣು ಅಂಟಬಾರದು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಪಾತ್ರೆ ಕುಗ್ಗುವುದು ಮುಗಿದಿರುತ್ತದೆ, ಸ್ಲಿಪ್ ಒಂದೇ ಕುಗ್ಗುತ್ತದೆ, ಹಪ್ಪಳೆಯಾಗಿ ಏಳುತ್ತದೆ.

ಆಮೇಲೆ ನಿಮ್ಮ ಮುಂದೆ ದಾರಿಗಳು:

ಕೊರೆಯುವುದು. ಬಿಳಿ ಸ್ಲಿಪ್ ಬಳಿದು, ಅದರ ತೇವದ ಹೊಳಪು ಆರಿದ ಕೂಡಲೇ ಮೊನೆಯಿಂದ ಗೀಚಿ ಕೆಳಗಿನ ಕೆಂಪು ತೆಗೆಯುವುದು. ಇದಕ್ಕೆ ಸ್ಗ್ರಾಫಿಟೋ ಅಂತ ಹೆಸರು. ನಮ್ಮ ಕಸೂತಿಯ ಗವಂತಿ ಮತ್ತು ಮುರಗಿ ಗೆರೆಗಳು ಇಲ್ಲಿ ಚೆನ್ನಾಗಿ ಬರುತ್ತವೆ, ಯಾಕೆಂದರೆ ಅವು ನೇರ ಗೆರೆ, ಮೆಟ್ಟಿಲು ಗೆರೆ. ಒಂದೇ ಎಳೆತಕ್ಕೆ ಕೊರೆಯಬಹುದು. ಮೆಂತಿ ಹೊಲಿಗೆಯ ಒತ್ತೊತ್ತು ಅಡ್ಡಗೀಟು ಬೇಡ, ಗೆರೆಗಳ ನಡುವಿನ ಸ್ಲಿಪ್ ಉದುರಿ ಹೋಗುತ್ತದೆ. ಇಳಕಲ್ ಸೀರೆಯ ಸೆರಗಿನ ತೆನಿ ಚಿತ್ತಾರ ಬಟ್ಟಲಿನ ಬಾಯಂಚಿಗೆ ಹೇಳಿ ಮಾಡಿಸಿದ್ದು. ವಿಜಯಪುರದ ಇಬ್ರಾಹಿಂ ರೋಜಾದ ಕಿಟಕಿಗಳ ಅಕ್ಷರ ಕೆತ್ತನೆ ನೋಡಿ ಆಸೆಯಾಗುತ್ತದೆ, ಆದರೆ ಅದು ಮೊದಲ ಪಾತ್ರೆಗೆ ಬೇಡ. ಗೀಚುವಾಗ ಮಣ್ಣು ಅಂಚಿಗೆ ಗುಡ್ಡೆಯಾದರೆ ಪಾತ್ರೆ ಇನ್ನೂ ಹಸಿ. ಚಕ್ಕೆ ಹಾರಿದರೆ ತಡವಾಗಿದೆ. ಗುಡ್ಡೆಯಾದ ಮಣ್ಣನ್ನು ಆಗಲೇ ಬೆರಳಿಂದ ಒರೆಸಬೇಡಿ, ಗೆರೆ ಮುಚ್ಚಿಹೋಗುತ್ತದೆ. ಒಣಗಿದ ಮೇಲೆ ಒಣ ಕುಂಚದಿಂದ ಜಾಡಿಸಿದರೆ ತಾನಾಗಿ ಉದುರುತ್ತದೆ.

ಎಳೆ ಬಿಡುವುದು. ಖಾಲಿ ಮೆಹಂದಿ ಕೋನಿನಲ್ಲಿ ಸ್ಲಿಪ್ ತುಂಬಿ ಗೆರೆ, ಚುಕ್ಕೆ ಬಿಡಿ. ರಂಗೋಲಿ ಹಾಕಿ ರೂಢಿ ಇದ್ದವರ ಕೈ ಇದಕ್ಕೆ ಬೇಗ ಹೊಂದುತ್ತದೆ.

ಬಣ್ಣದಲ್ಲಿ ಬರೆಯುವುದು. ಬಿಳಿ ಸ್ಲಿಪ್ಪಿಗೆ ಲೋಹದ ಆಕ್ಸೈಡ್ ಸೇರಿಸಿದರೆ ಬಣ್ಣ. ಕೋಬಾಲ್ಟ್ ನೀಲಿ, ಕಬ್ಬಿಣ ಕಂದು, ತಾಮ್ರ ಹಸಿರು, ಮ್ಯಾಂಗನೀಸ್ ನೇರಳೆ ಕಂದು. ಕೋಬಾಲ್ಟಿನ ಕೈ ಬಲು ಜೋರು, ಗ್ಲೇಜಿನಲ್ಲಾದರೆ ಶೇ. ಅರ್ಧ ಹಾಕಿದರೂ ಗಾಢ ನೀಲಿ ಬರುತ್ತದೆ. ಈ ಪುಡಿಗಳೆಲ್ಲ ಹೊಟ್ಟೆಗೆ ಹೋಗಬಾರದವು. ಕೈಗವಸು ಹಾಕಿ, ಮಕ್ಕಳ ಕೈಗೆ ಕೊಡಬೇಡಿ. ಮಕ್ಕಳಿಗೆ ಬಿಳಿ ಸ್ಲಿಪ್ ಸಾಕು. ಹಸಿರು ಬೇಕೆಂದು ಊಟದ ಬಟ್ಟಲಿನ ಒಳಗೆ ತಾಮ್ರ ಬಳಸಬೇಡಿ.

ಮಯೋಲಿಕಾ ರೀತಿ, ಅಂದರೆ ಇನ್ನೂ ಸುಡದ ಬಿಳಿ ಗ್ಲೇಜಿನ ಮೇಲೆ ಬರೆಯುವುದು, ಕೈ ಪಳಗಿದ ಮೇಲೆ. ಒಣ ಪುಡಿಯ ಮೇಲೆ ಕುಂಚ ಇಟ್ಟ ಕೂಡಲೇ ಬಣ್ಣ ಹೀರಿಕೊಳ್ಳುತ್ತದೆ. ಅಳಿಸಿ ತಿದ್ದುವ ಮಾತೇ ಇಲ್ಲ.

ಹಂತ 5: ಮೊದಲ ಸುಡುವಿಕೆ

ಇದಕ್ಕೆ ಬಿಸ್ಕ್ ಅನ್ನುತ್ತಾರೆ. ಗ್ಲೇಜ್ ಇಲ್ಲದೆ, 1000ದಿಂದ 1020 ಡಿಗ್ರಿ ತನಕ. ಮೊದಲು ಗಂಟೆಗೆ 60ರಿಂದ 80 ಡಿಗ್ರಿಯಂತೆ ಏರಿಸಿ. 120ರ ಹತ್ತಿರ ಒಂದೆರಡು ಗಂಟೆ ನಿಲ್ಲಿಸಿ. ಉಳಿದ ತೇವ ಆವಿಯಾಗಿ ಹೊರಬೀಳಲು ದಾರಿ ಸಿಗದಿದ್ದರೆ ಪಾತ್ರೆ ಸಿಡಿಯುತ್ತದೆ. ಆಮೇಲೆ 600ರ ತನಕ ಗಂಟೆಗೆ 100. ಈ ನಡುವೆ 573 ಡಿಗ್ರಿಯಲ್ಲಿ ಮಣ್ಣಿನ ಕ್ವಾರ್ಟ್ಜ್ ಒಮ್ಮೆಲೇ ಹಿಗ್ಗುತ್ತದೆ, ಇಳಿಯುವಾಗ ಅಲ್ಲೇ ಕುಗ್ಗುತ್ತದೆ. ಅಲ್ಲಿ ಅವಸರ ಬೇಡ, ಏರುವಾಗಲೂ ಇಳಿಯುವಾಗಲೂ. ಅಲ್ಲಿಂದ ಮುಂದೆ ಗಂಟೆಗೆ 120 ಸಾಕು. 700ರಿಂದ 900ರ ನಡುವೆ ಮಣ್ಣಿನೊಳಗಿನ ಇಂಗಾಲ ಸುಟ್ಟು ಹೋಗಬೇಕು, ಭಟ್ಟಿಯ ಗಾಳಿಕಿಂಡಿ ತೆರೆದಿರಲಿ.

ನಡುವೆ ಕರೆಂಟ್ ಹೋದರೆ? ಗಾಬರಿ ಬೇಡ. ಬಾಗಿಲು ಮಾತ್ರ ತೆಗೆಯಬೇಡಿ. ಬಂದ ಮೇಲೆ ಎಷ್ಟಕ್ಕೆ ಇಳಿದಿದೆಯೋ ಅಲ್ಲಿಂದ ಅದೇ ವೇಗದಲ್ಲಿ ಏರಿಸಿ.

ಮೊದಲಿನ ಪ್ರಶ್ನೆಗೆ ಇಲ್ಲಿ ಉತ್ತರ ಇದೆ. ಸಂತೆಯಲ್ಲಿ ಕೊಂಡ ಮಣ್ಣಿನ ಬಟ್ಟಲಿಗೆ ನೇರ ಗ್ಲೇಜ್ ಹಚ್ಚಬಾರದು. ಅದು ಆವಿಗೆಯಲ್ಲಿ ಕಡಿಮೆ ಶಾಖಕ್ಕೆ ಸುಟ್ಟದ್ದು. ಮೊದಲು 1000 ಡಿಗ್ರಿಗೆ ಮತ್ತೊಮ್ಮೆ ಬಿಸ್ಕ್ ಮಾಡಿ. ಕೆಲವು ಒಡೆಯುತ್ತವೆ, ಕೆಲವು ಸೊಟ್ಟಗಾಗುತ್ತವೆ. ಉಳಿದವಕ್ಕೆ ಮುಂದಿನ ಹಂತ.

ಹಂತ 6: ಗ್ಲೇಜ್ ಕಲಸುವುದು

ಗ್ಲೇಜಿನಲ್ಲಿ ಮೂರು ಕೆಲಸದವರು. ಸಿಲಿಕಾ (ಕ್ವಾರ್ಟ್ಜ್ ಪುಡಿ ಇದೇ) ಗಾಜಾಗುತ್ತದೆ, ಆದರೆ ಒಂದೇ ಇದ್ದರೆ 1700 ಡಿಗ್ರಿ ದಾಟಬೇಕು. ಫ್ರಿಟ್‌ನಲ್ಲಿರುವ ಬೋರಾನ್, ಸೋಡಾ ಮುಂತಾದವು ಅದನ್ನು ಕಡಿಮೆ ಶಾಖದಲ್ಲಿ ಕರಗಿಸುತ್ತವೆ, ಇವಕ್ಕೆ ಫ್ಲಕ್ಸ್ ಅಂತಾರೆ. ಚೀನಾ ಕ್ಲೇಯಲ್ಲಿರುವ ಅಲ್ಯುಮಿನಾ, ಕರಗಿದ ಗಾಜು ಕೆಳಗೆ ಹರಿದು ಹೋಗದಂತೆ ಹಿಡಿದಿಡುತ್ತದೆ.

ಸರಳ ಪಾರದರ್ಶಕ ಗ್ಲೇಜಿಗೆ: ಫ್ರಿಟ್ 85 ಗ್ರಾಂ, ಚೀನಾ ಕ್ಲೇ 10, ಕ್ವಾರ್ಟ್ಜ್ 5. ನೀರು ಸುಮಾರು 80 ಮಿ.ಲೀ.ಯಿಂದ ಶುರು ಮಾಡಿ. ಪುಡಿಯನ್ನು ನೀರಿಗೆ ಹಾಕಿ, ಪುಡಿಯ ಮೇಲೆ ನೀರು ಸುರಿಯಬೇಡಿ, ಧೂಳು ಏಳುತ್ತದೆ. ಒಂದು ರಾತ್ರಿ ಬಿಟ್ಟು 80 ಮೆಶ್‌ನಲ್ಲಿ ಎರಡು ಸಲ ಸೋಸಿ. ಹದ ನೋಡಲು ಕಣ್ಣು ನಂಬಬೇಡಿ, ತೂಗಿ. 100 ಮಿ.ಲೀ. ಗ್ಲೇಜ್ 140ರಿಂದ 150 ಗ್ರಾಂ ತೂಗಬೇಕು. ಇದು ಹೊರಡುವ ಲೆಕ್ಕ ಅಷ್ಟೇ. ಫ್ರಿಟ್ ಕಂಪನಿಯಿಂದ ಕಂಪನಿಗೆ ಬೇರೆ, ನಿಮ್ಮ ಮಣ್ಣೂ ಬೇರೆ. ಪಟ್ಟಿಯ ಮೇಲೆ ಪರೀಕ್ಷೆ ಮಾಡದೆ ಬಟ್ಟಲಿಗೆ ಹಚ್ಚಬೇಡಿ.

ರೆಡಿಮೇಡ್ ಗ್ಲೇಜ್ ಕೊಳ್ಳುವವರು ಡಬ್ಬಿಯ ಮೇಲಿನ ಕೋನ್ ಸಂಖ್ಯೆ ನೋಡಬೇಕು. ಕೋನ್ ಅಂದರೆ ಇಂತಿಷ್ಟು ಶಾಖಕ್ಕೆ ಬಾಗುವ ಸಣ್ಣ ಮಣ್ಣಿನ ಕಡ್ಡಿ. ಕೋನ್ 06 ಸುಮಾರು 1000 ಡಿಗ್ರಿ, ಕೋನ್ 04 ಸುಮಾರು 1060. ಸೊನ್ನೆ ಇಲ್ಲದ ಕೋನ್ 4 ಆದರೆ 1180ರ ಸುತ್ತ. ಸೊನ್ನೆ ಬಿಟ್ಟು ಓದಿ ಕೋನ್ 4ರ ಗ್ಲೇಜ್ ತಂದರೆ ನಿಮ್ಮ ಭಟ್ಟಿಯಲ್ಲಿ ಅದು ಕರಗದೆ ಒರಟು ಪುಡಿಯಾಗಿ ಉಳಿಯುತ್ತದೆ.

ಹಂತ 7: ಹಚ್ಚುವುದು

ಬಿಸ್ಕ್ ಪಾತ್ರೆಯನ್ನು ಒದ್ದೆ ಸ್ಪಂಜಿನಿಂದ ಒರೆಸಿ. ಧೂಳು, ಎಣ್ಣೆ ಕೈ ತಾಗಿದ ಕಡೆ ಗ್ಲೇಜ್ ಕೂರುವುದಿಲ್ಲ. ಒಳಗೆ ಗ್ಲೇಜ್ ಸುರಿದು, ತಿರುಗಿಸಿ, ಚೆಲ್ಲಿ. ಹೊರಗೆ ಇಕ್ಕಳದಲ್ಲಿ ಹಿಡಿದು ಅದ್ದಿ, ಎರಡು ಮೂರು ಸೆಕೆಂಡ್ ಸಾಕು. ಸೂಜಿಯಿಂದ ಗೀರಿ ನೋಡಿ, ಪದರ ಸುಮಾರು ಒಂದು ಮಿ.ಮೀ. ಇರಬೇಕು. ದಪ್ಪ ಆದಷ್ಟೂ ತೊಂದರೆ ಜಾಸ್ತಿ, ಕೆಳಗಿನ ಚಿತ್ತಾರವೂ ಮಸುಕಾಗುತ್ತದೆ.

ಪಾದದ, ಅಂದರೆ ಪಾತ್ರೆ ನಿಲ್ಲುವ ತಳದ ಗ್ಲೇಜ್ ಒರೆಸಿ ತೆಗೆಯಬೇಕು, ಇಲ್ಲವಾದರೆ ಭಟ್ಟಿಯ ಹಲಗೆಗೆ ಅಂಟುತ್ತದೆ. ಆದರೆ ಒಂದು ತೊಡಕು. ಈ ಮಣ್ಣು ನೀರು ಹೀರುವಂಥದ್ದು, ಬರಿ ಪಾದದಿಂದ ನೀರು ಹೀರಿ ಮೇಜಿನ ಮೇಲೆ ಒದ್ದೆ ಬಳೆ ಬೀಳುತ್ತದೆ. ಅದು ಬೇಡ ಎಂದರೆ ಪಾದಕ್ಕೂ ಗ್ಲೇಜ್ ಹಚ್ಚಿ, ಸ್ಟಿಲ್ಟ್ ಅನ್ನುವ ಮೂರು ಮೊನೆಯ ಆಸರೆಯ ಮೇಲೆ ಕೂರಿಸಿ. ಸುಟ್ಟ ಮೇಲೆ ಉಳಿಯುವ ಮೂರು ಚುಚ್ಚು ಗುರುತನ್ನು ಸಾಣೆಕಲ್ಲಿನಿಂದ ಉಜ್ಜಿ. ಕೈ ಜೋಪಾನ, ಅದು ಗಾಜು.

ಹಂತ 8: ಎರಡನೇ ಸುಡುವಿಕೆ

ಒಂದು ಪಾತ್ರೆ ಇನ್ನೊಂದಕ್ಕೆ ತಾಗದಂತೆ ಜೋಡಿಸಿ. ಗಂಟೆಗೆ 100ರಿಂದ 150ರಂತೆ ಏರಿಸಿ, ಫ್ರಿಟ್ಟಿಗೆ ತಕ್ಕಂತೆ 1040ರಿಂದ 1060ಕ್ಕೆ ಒಯ್ಯಿರಿ. ಅಲ್ಲಿ 10-15 ನಿಮಿಷ ನಿಲ್ಲಿಸಿದರೆ ಗುಳ್ಳೆಗಳು ಆರುತ್ತವೆ. ನಂತರ ಭಟ್ಟಿ ತಾನಾಗಿ ತಣಿಯಲಿ. 100 ಡಿಗ್ರಿಗಿಂತ ಕೆಳಗೆ ಇಳಿಯುವ ತನಕ ಬಾಗಿಲು ಮುಟ್ಟಬೇಡಿ. "ಸ್ವಲ್ಪ ಇಣುಕಿ ನೋಡೋಣ" ಅನ್ನುವುದೇ ಈ ಹಂತದ ದೊಡ್ಡ ಶತ್ರು.

ಹಂತ 9: ಕೆಟ್ಟದ್ದನ್ನು ಓದುವುದು

ಬಲೆಯಂಥ ಸಣ್ಣ ಬಿರುಕು: ಭಟ್ಟಿಯಿಂದ ತೆಗೆಯುವಾಗ "ಟಿಣ್ ಟಿಣ್" ಸದ್ದು ಕೇಳಿದರೆ ಇದೇ. ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದೆ. ಬಿಸ್ಕ್ ಇನ್ನಷ್ಟು ಬಿಸಿಗೆ ಸುಡಿ, ಗ್ಲೇಜಿಗೆ 5 ಭಾಗ ಕ್ವಾರ್ಟ್ಜ್ ಸೇರಿಸಿ, ತೆಳ್ಳಗೆ ಹಚ್ಚಿ. ಕೆಲವು ಸಲ ಬಿರುಕು ತಿಂಗಳ ನಂತರ ಬರುತ್ತದೆ, ಮಣ್ಣು ಗಾಳಿಯ ತೇವ ಹೀರಿ ಹಿಗ್ಗುವುದರಿಂದ.

ಅಂಚಿನಲ್ಲಿ ಗ್ಲೇಜ್ ಚಕ್ಕೆ ಏಳುವುದು: ಮೇಲಿನದರ ಉಲ್ಟಾ. ಕ್ವಾರ್ಟ್ಜ್ ಕಡಿಮೆ ಮಾಡಿ. ಈ ಪಾತ್ರೆಯನ್ನು ಊಟಕ್ಕೆ ಕೊಡಲೇಬೇಡಿ, ಚಕ್ಕೆ ಹೊಟ್ಟೆಗೆ ಹೋದೀತು.

ಗ್ಲೇಜ್ ಮುದುಡಿ ಮಣ್ಣು ಕಾಣುವುದು: ಧೂಳು, ಎಣ್ಣೆ, ಅಥವಾ ಅತಿ ದಪ್ಪ. ಸಂತೆಯ ಬಟ್ಟಲುಗಳಲ್ಲಿ ತಿಕ್ಕಿ ನುಣುಪು ಮಾಡಿದ ಮೈಯೂ ಕಾರಣ ಆಗುತ್ತದೆ.

ಸೂಜಿ ತೂತು: ಕೆಳಗಿನ ಮಣ್ಣಿನಿಂದ ಗಾಳಿ ಏಳುತ್ತಿದೆ. ಬಿಸ್ಕ್ ನಿಧಾನವಾಗಿ, 20 ಡಿಗ್ರಿ ಜಾಸ್ತಿಗೆ ಸುಡಿ.

ಹಂತ 10: ಊಟಕ್ಕೆ ಕೊಡುವ ಮುಂಚೆ

ಸೀಸದ ಗ್ಲೇಜ್ ನೋಡಲು ಚೆಂದ, ಬೇಗ ಕರಗುತ್ತದೆ, ಅಗ್ಗ. ಹುಳಿ ತಾಗಿದರೆ ಅದರ ಸೀಸ ಬಿಡುತ್ತದೆ. ನಮ್ಮ ಊಟದಲ್ಲಿ ಹುಣಸೆಹುಳಿ, ಮೊಸರು, ಲಿಂಬೆ, ಉಪ್ಪಿನಕಾಯಿ ಇಲ್ಲದ ದಿನವಿಲ್ಲ. ಊಟದಲ್ಲಿ ಸೀಸ ಸೇರಿದ್ದು ನಮಗೆ ಗೊತ್ತಾಗುವುದಿಲ್ಲ, ಅದು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಸೀಸದ ಗ್ಲೇಜಿಗೆ ತಾಮ್ರ ಸೇರಿದರಂತೂ ಇನ್ನೂ ಜಾಸ್ತಿ ಬಿಡುತ್ತದೆ. ಅಂಗಡಿಯವರು "ಏನೂ ಆಗಲ್ಲ" ಅಂದರೆ ನಂಬಬೇಡಿ, ಸೀಸವಿಲ್ಲ ಅಂತ ಚೀಟಿಯಲ್ಲಿ ಅಚ್ಚಾಗಿರಬೇಕು.

ಮನೆಯಲ್ಲಿ ಒಂದು ಪರೀಕ್ಷೆ: ಗ್ಲೇಜ್ ಪಟ್ಟಿಯನ್ನು ಅರ್ಧ ಮಾತ್ರ ವಿನೆಗರ್‌ನಲ್ಲಿ ಒಂದು ದಿನ ಅದ್ದಿಡಿ. ಅದ್ದಿದ ಭಾಗ ಮಸುಕಾಗಿದ್ದರೆ, ಬಣ್ಣ ಬದಲಾಗಿದ್ದರೆ ಆ ಗ್ಲೇಜ್ ಊಟಕ್ಕೆ ಬೇಡ. ಬದಲಾಗದಿದ್ದರೆ ಸೀಸ ಇಲ್ಲ ಅಂತ ಸಾಬೀತಾಗುವುದಿಲ್ಲ. ಮಾರುವ ಉದ್ದೇಶ ಇದ್ದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಅಲ್ಲಿ ಪಾತ್ರೆಯಲ್ಲಿ ಶೇ. 4ರ ಅಸಿಟಿಕ್ ಆಸಿಡ್ 24 ಗಂಟೆ ಇಟ್ಟು, ಎಷ್ಟು ಸೀಸ, ಕ್ಯಾಡ್ಮಿಯಂ (ಇನ್ನೊಂದು ವಿಷಲೋಹ) ಬಿಟ್ಟಿದೆ ಅಂತ ಅಳೆಯುತ್ತಾರೆ.

ಉಪ್ಪಿನಕಾಯಿ ಹಾಕಿಡಲು ಈ ಪಾತ್ರೆ ಬಳಸಬೇಡಿ. ಅಜ್ಜಿಯ ಕಾಲದ ಬರಣಿ ಬೇರೆ ಜಾತಿ. ಅದು 1200 ಡಿಗ್ರಿಯ ಸುತ್ತ ಸುಟ್ಟ ಗಟ್ಟಿ ಕಲ್ಲುಮಣ್ಣು, ಗ್ಲೇಜ್ ಬಿರಿದರೂ ಮೈ ಹೀರುವುದಿಲ್ಲ. ನಮ್ಮ ಕೆಂಪು ಬಟ್ಟಲಿನ ಗ್ಲೇಜ್ ಒಂದೆಡೆ ಬಿರಿದರೂ ಎಣ್ಣೆ, ಉಪ್ಪು ಒಳಗಿಳಿದು ವಾಸನೆ ಹಿಡಿಯುತ್ತದೆ. ಅಂಥದ್ದನ್ನು ಹೂವಿನ ಕುಂಡ ಮಾಡಿಕೊಳ್ಳಿ. ಮೈಕ್ರೋವೇವಿಗೂ ಬೇಡ, ಒಳಗೆ ಹೀರಿದ ನೀರು ಕಾದು ಪಾತ್ರೆ ಕೈ ಸುಡುತ್ತದೆ.

ಕೆಲಸ ಮುಗಿದ ಮೇಲೆ ಗ್ಲೇಜಿನ ತೊಳೆದ ನೀರನ್ನು ಸಿಂಕಿಗೆ, ಗಟಾರಕ್ಕೆ ಸುರಿಯಬೇಡಿ. ಬಕೆಟ್‌ನಲ್ಲಿ ಎರಡು ದಿನ ಬಿಟ್ಟರೆ ಪುಡಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿನೀರನ್ನು ಮುಂದಿನ ಸಲ ಕೈ, ಕುಂಚ ತೊಳೆಯಲು ಬಳಸಿ. ತಳದ ಗಸಿಯನ್ನು ಒಡಕು ಬಿಸ್ಕ್ ಬಟ್ಟಲಿಗೆ ಹಾಕಿ ಒಣಗಿಸಿ, ಮುಂದಿನ ಗ್ಲೇಜ್ ಭಟ್ಟಿಯ ಮೂಲೆಯಲ್ಲಿ ಅದನ್ನೂ ಇಟ್ಟು ಸುಟ್ಟುಬಿಡಿ. ಬಟ್ಟಲಿನ ಕೆಳಗೆ ಇನ್ನೊಂದು ಒಡಕು ತಟ್ಟೆ ಇರಲಿ, ಉಕ್ಕಿದರೆ ಹಲಗೆ ಉಳಿಯುತ್ತದೆ.